ಯಾವ ನಷ್ಟ, ಯಾರ ನಷ್ಟ?

ಶಿವಮೊಗ್ಗದ ಗಾಂಧಿ ಬಜಾರ್, ಸಂಜೆ ಏಳರ ಹೊತ್ತು. ಸೀರೆ ಅಂಗಡಿಯಲ್ಲಿ ಚೌಕಾಸಿ ನಡೆದಿದೆ. ಗಿರಾಕಿ ಇನ್ನೂರು ರೂಪಾಯಿ ಇಳಿಸಿ ಕೇಳುತ್ತಾರೆ. ‘ಆ ರೇಟಿಗೆ ಕೊಟ್ರೆ ನಂಗೆ ಲಾಸು ಅಕ್ಕ’ ಎಂದು ಮಾಲೀಕರು ಸೀರೆ ಮಡಿಸಿಡುತ್ತಾರೆ. ಅದೇ ದಿನ ಮಧ್ಯಾಹ್ನ ಎಪಿಎಂಸಿ ಅಂಗಳದ ಅಡಿಕೆ ಮಂಡಿಯಲ್ಲಿ ರಾಶಿ ಇಡಿ ಎಂಬ ದರ್ಜೆಯ ಅಡಿಕೆಯ ಬೆಲೆ ಕೇಳಿದ ಬೆಳೆಗಾರರೊಬ್ಬರು ‘ಹೋದ ತಿಂಗಳೇ ಕೊಡಬೇಕಿತ್ತು, ನಷ್ಟ ಆಯ್ತು ಮಾರಾಯ್ರೆ’ ಎಂದು ಮೂಟೆ ವಾಪಸ್ ಹೊರಿಸಿಕೊಂಡು ಹೋಗಿರುತ್ತಾರೆ. ಅಲ್ಲಿಂದ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ ಭದ್ರಾವತಿ. ಅಲ್ಲಿ ಕಬ್ಬಿಣದ ಕಾರ್ಖಾನೆಯ ಗೇಟಿನೆದುರು ಚಹಾ ಕುಡಿಯುತ್ತ ನಿಂತವರನ್ನು ಕಾರ್ಖಾನೆ ಯಾಕೆ ಹೀಗಾಯಿತು ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ನಷ್ಟದಲ್ಲಿದೆ ಅಂತಾರಲ್ಲ ಸಾರ್.’

ಮೂವರೂ ಹೇಳಿದ್ದು ನಷ್ಟ ಅಂತಲೇ. ಆದರೆ ಮೊದಲನೆಯವರಿಗೆ ಬಹುಶಃ ಕೈಯಿಂದ ಒಂದು ಪೈಸೆಯೂ ಹೋಗುತ್ತಿಲ್ಲ, ನಿರೀಕ್ಷಿಸಿದ ಲಾಭ ಕಡಿಮೆಯಾಗುತ್ತಿದೆ. ಎರಡನೆಯವರಿಗೆ ಇನ್ನೂ ಏನೂ ಆಗಿಲ್ಲ, ಮಾಲು ಅವರ ಮನೆಯಲ್ಲೇ ಇದೆ, ಬೆಲೆ ನಾಳೆ ಏರಬಹುದು. ಮೂರನೆಯದು ಇಡೀ ಊರಿನ ಮೇಲೆ ಮೂರು ನಾಲ್ಕು ದಶಕಗಳಿಂದ ಕೂತಿರುವ ಮಾತು. ಆ ಮಾತಿನ ಬಲದ ಮೇಲೆ ನೌಕರಿಗಳು ಹೋಗಿವೆ, ಕ್ವಾರ್ಟರ್ಸ್‌ಗಳು ಖಾಲಿಯಾಗಿವೆ. ಇಷ್ಟು ತೂಕದ ಮಾತನ್ನು ಬಿಡಿಸಿ ನೋಡದೆ ಒಪ್ಪಿಕೊಳ್ಳುವುದು ಸರಿಯಲ್ಲ ಎಂಬುದು ಈ ಲೇಖನದ ವಾದ.

ಲೆಕ್ಕದ ಪುಸ್ತಕ ಏನು ಹೇಳುತ್ತದೆ

ಒಂದು ಕಾರ್ಖಾನೆ ವರ್ಷಕ್ಕೆ 100 ಕೋಟಿ ರೂಪಾಯಿಯ ಮಾಲು ಮಾರುತ್ತದೆ ಎಂದುಕೊಳ್ಳೋಣ. ಅಂಕಿಗಳು ಕಾಲ್ಪನಿಕ, ಲೆಕ್ಕ ಹಿಡಿಯಲು ಮಾತ್ರ. ಕಚ್ಚಾವಸ್ತು, ವಿದ್ಯುತ್, ಸಂಬಳ, ರಿಪೇರಿ ಎಲ್ಲ ಸೇರಿ 96 ಕೋಟಿ ಖರ್ಚು. ಉಳಿದದ್ದು 4 ಕೋಟಿ. ಇಲ್ಲಿಯವರೆಗೆ ಕಾರ್ಖಾನೆ ತನ್ನ ಕೆಲಸದಲ್ಲಿ ಗೆದ್ದಿದೆ.

ಮುಂದೆ ಹಳೆಯ ಸಾಲದ ಬಡ್ಡಿ 6 ಕೋಟಿ ಕಟ್ಟಬೇಕು. ಈಗ 2 ಕೋಟಿ ಕೊರತೆ. ಆಮೇಲೆ ಯಂತ್ರಗಳ ಸವಕಳಿ ಎಂದು 5 ಕೋಟಿ ಬರೆಯುತ್ತಾರೆ. ಸವಕಳಿ ಎಂದರೆ ಆ ವರ್ಷ ಯಾರಿಗೂ ಕೊಟ್ಟ ದುಡ್ಡಲ್ಲ. ಯಂತ್ರ ವರ್ಷದಿಂದ ವರ್ಷಕ್ಕೆ ಸವೆಯುವುದರಿಂದ ಅದರ ಬೆಲೆಯ ಒಂದು ಪಾಲನ್ನು ಪ್ರತಿ ವರ್ಷದ ಖರ್ಚಿಗೆ ಹಾಕುವ ಕ್ರಮ. ಅದನ್ನೂ ಸೇರಿಸಿದರೆ ಕೊನೆಯ ಸಾಲಿನಲ್ಲಿ 7 ಕೋಟಿ ನಿವ್ವಳ ನಷ್ಟ.

ಪತ್ರಿಕೆಯ ತಲೆಬರಹಕ್ಕೆ ಬರುವುದು ಈ 7 ಕೋಟಿ. ಆದರೆ ಅದೇ ಕಾರ್ಖಾನೆ ಕೆಲಸದಲ್ಲಿ 4 ಕೋಟಿ ಉಳಿಸಿದೆ, ನಗದಿನಲ್ಲಿ 2 ಕೋಟಿ ಕಳೆದುಕೊಂಡಿದೆ ಎಂಬುದೂ ಅಷ್ಟೇ ಸತ್ಯ. ಕೆಲಸದಲ್ಲೇ ಸೋಲುವ ಕಾರ್ಖಾನೆಯ ಕಾಯಿಲೆ ಬೇರೆ, ಬಡ್ಡಿಯಿಂದ ಸೋಲುವ ಕಾರ್ಖಾನೆಯ ಕಾಯಿಲೆ ಬೇರೆ. ಎರಡನೆಯದಕ್ಕೆ ಸಾಲ ತೀರಿಸುವವರು, ಬಡ್ಡಿ ಇಳಿಸುವವರು ಸಿಕ್ಕರೆ ಅದೇ ಯಂತ್ರ, ಅದೇ ಕಾರ್ಮಿಕರು ಮರುವರ್ಷ ನಗದಿನ ಕೊರತೆಯಿಲ್ಲದೆ ಕಾರ್ಖಾನೆ ನಡೆಸಬಹುದು.

ಇದಲ್ಲದೆ ಸಂಚಿತ ನಷ್ಟ ಎಂಬುದೊಂದಿದೆ. ವರ್ಷ ವರ್ಷದ ನಷ್ಟ ಕೂಡುತ್ತ ಹೋಗಿ ಬೆಳೆದ ಮೊತ್ತ. ‘ಸಾವಿರ ಕೋಟಿ ನಷ್ಟ’ ಎಂದು ಕೇಳಿದಾಗ ಅದು ಈ ವರ್ಷದ್ದೋ, ಇಪ್ಪತ್ತು ವರ್ಷದ್ದೋ ಎಂದು ಮೊದಲು ನೋಡಬೇಕು. ಹೇಳುವವರು ಅನೇಕ ಸಲ ಹೇಳುವುದಿಲ್ಲ, ಕೇಳುವವರೂ ಕೇಳುವುದಿಲ್ಲ.

ನಿಲ್ಲಿಸಿದರೆ ನಷ್ಟ ನಿಲ್ಲುತ್ತದೆಯೆ?

‘ನಷ್ಟದಲ್ಲಿದ್ದರೆ ಬಾಗಿಲು ಹಾಕಲಿ, ನಷ್ಟ ಅಲ್ಲಿಗೆ ನಿಲ್ಲುತ್ತದೆ’ ಎನ್ನುವುದು ಸಾಮಾನ್ಯವಾಗಿ ಕೇಳುವ ಮಾತು. ಇದು ಅರ್ಧ ಮಾತ್ರ ನಿಜ, ಮತ್ತು ಭದ್ರಾವತಿಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿಲ್ಲ. ಸ್ವಲ್ಪ ನಿಧಾನವಾಗಿ ನೋಡೋಣ.

ಖರ್ಚಿನಲ್ಲಿ ಎರಡು ಬಗೆ. ಉಕ್ಕು ಮಾಡಿದರೂ ಮಾಡದಿದ್ದರೂ ಆಗುವ ಖರ್ಚು ಒಂದು: ಕಾಯಂ ನೌಕರರ ಸಂಬಳ, ಟೌನ್‌ಶಿಪ್ಪಿನ ನೀರು ದೀಪ, ಕಾವಲು, ಬಡ್ಡಿ. ಇದು ಸ್ಥಿರ ವೆಚ್ಚ. ಮಾಡಿದಷ್ಟಕ್ಕೆ ಮಾತ್ರ ತಗಲುವ ಅದಿರು, ಕೋಕ್, ಕರೆಂಟು ಇನ್ನೊಂದು.

ಒಂದು ಟನ್ ಉಕ್ಕು 55,000 ರೂಪಾಯಿಗೆ ಹೋಗುತ್ತದೆ, ಅದನ್ನು ಮಾಡಲು ಕಚ್ಚಾವಸ್ತು ಮತ್ತು ಕರೆಂಟಿಗೆ 45,000 ತಗಲುತ್ತದೆ ಎನ್ನೋಣ. ಟನ್ನಿಗೆ 10,000 ಉಳಿಯಿತು. ಕಾರ್ಖಾನೆಯ ಸ್ಥಿರ ವೆಚ್ಚ ವರ್ಷಕ್ಕೆ 40 ಕೋಟಿ. ಅಂದರೆ 40,000 ಟನ್ ಮಾಡಿ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 60,000 ಟನ್ ಮಾಡಿದರೆ 20 ಕೋಟಿ ಲಾಭ. 20,000 ಟನ್ ಮಾತ್ರ ಮಾಡಿದರೆ 20 ಕೋಟಿ ನಷ್ಟ.

ಈಗ ‘20 ಕೋಟಿ ನಷ್ಟವಾಗುತ್ತಿದೆ’ ಎಂದು ಕುಲುಮೆ ಆರಿಸಿದರೆ? ಸ್ಥಿರ ವೆಚ್ಚ ಹಾಗೇ ಉಳಿಯುತ್ತದೆ, ಗಳಿಕೆ ಮಾತ್ರ ಸೊನ್ನೆಯಾಗುತ್ತದೆ. ನಷ್ಟ 20ರಿಂದ 40 ಕೋಟಿಗೆ ಏರುತ್ತದೆ. ಅದನ್ನು ಇಳಿಸಬೇಕೆಂದರೆ ಮುಂದಿನ ಹೆಜ್ಜೆ ನೌಕರರನ್ನು ಕಳಿಸುವುದು, ಸ್ವಯಂನಿವೃತ್ತಿ (ವಿಆರ್‌ಎಸ್) ಕೊಡುವುದು, ವರ್ಗ ಮಾಡುವುದು. ನುರಿತ ಕೈಗಳು ಹೋದ ಮೇಲೆ ಆರ್ಡರ್ ಬಂದರೂ ಮಾಡಿಕೊಡಲು ಆಗದ ಸ್ಥಿತಿ ಬರುತ್ತದೆ.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಉಕ್ಕಿನ ಬೆಲೆ ಟನ್ನಿಗೆ 44,000ಕ್ಕೆ ಬಿದ್ದರೆ ಮಾಡಿದ ಪ್ರತಿ ಟನ್ನೂ ಸಾವಿರ ರೂಪಾಯಿ ನಷ್ಟ ತರುತ್ತದೆ. ಆಗ ಹೆಚ್ಚು ದುಡಿದಷ್ಟೂ ಹೆಚ್ಚು ನಷ್ಟ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ನಷ್ಟ ಎಷ್ಟು ಎಂಬುದಲ್ಲ. ಇನ್ನೊಂದು ಟನ್ ಮಾಡಿದರೆ ನಷ್ಟ ಇಳಿಯುತ್ತದೋ, ಏರುತ್ತದೋ ಎಂಬುದು.

ಹುಟ್ಟಿದಾಗಿನ ಆಪಾದನೆ

ಭದ್ರಾವತಿಯ ಕಾರ್ಖಾನೆಗೆ ಈ ಮಾತು ಹೊಸದಲ್ಲ. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆ ಅದು. ಕೆಲಸ ಶುರುವಾದದ್ದು 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಕುಲುಮೆಯಿಂದ ಕಬ್ಬಿಣ ಹರಿದದ್ದು 1923ರಲ್ಲಿ. ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಬೀಡು ಕಬ್ಬಿಣದ ಬೆಲೆ ಕುಸಿದಿತ್ತು. ಸಂಸ್ಥಾನದ ಬೊಕ್ಕಸವನ್ನು ಈ ಕಾರ್ಖಾನೆ ನುಂಗುತ್ತಿದೆ ಎಂಬ ಟೀಕೆ ಆಗಲೇ ಎದ್ದಿತು.

ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆಸಿದರು. 1929ರವರೆಗೆ ಅವರು ಮಾಡಿದ್ದು ಇಂದಿಗೂ ಓದತಕ್ಕ ಪಾಠ. ಭಾರಿ ಸಂಬಳದ ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿನವರನ್ನು ತರಬೇತಿ ಕೊಟ್ಟು ತಂದರು. ಖರ್ಚನ್ನು ಬಾಬ್ತು ಬಾಬ್ತಾಗಿ ಹಿಡಿದು ಇಳಿಸಿದರು. ಆಗ ಕುಲುಮೆಗೆ ಮಲೆನಾಡಿನ ಕಾಡಿನ ಇದ್ದಿಲು ಬಳಸುತ್ತಿದ್ದರು. ಮರವನ್ನು ಸುಮ್ಮನೆ ಸುಟ್ಟು ಇದ್ದಿಲು ಮಾಡದೆ, ಬಟ್ಟಿ ಇಳಿಸುವ ಘಟಕದಲ್ಲಿ ಅದರಿಂದ ಮರದ ಮದ್ಯಸಾರ, ಟಾರು ಮೊದಲಾದವನ್ನೂ ತೆಗೆದು ಮಾರುವ ವ್ಯವಸ್ಥೆ ಇತ್ತು. ಭದ್ರಾವತಿಯಲ್ಲಿ ದುಡಿದದ್ದಕ್ಕೆ ತಮಗೆ ಸಂದ ಹಣವನ್ನು ವಿಶ್ವೇಶ್ವರಯ್ಯ ಮನೆಗೆ ಒಯ್ಯಲಿಲ್ಲ. ಅದು ಬೆಂಗಳೂರಿನಲ್ಲಿ ತಾಂತ್ರಿಕ ಶಿಕ್ಷಣ ಕೊಡುವ ಜಯಚಾಮರಾಜೇಂದ್ರ ಸಂಸ್ಥೆಗೆ ಹೋಯಿತು.

1930ರ ದಶಕದಲ್ಲಿ ಉಕ್ಕು ಬಂತು, ಸಿಮೆಂಟ್ ಬಂತು. ಒಂದೇ ಸರಕನ್ನು ನೆಚ್ಚಿ ಕೂರಲಿಲ್ಲ. 1948ರಲ್ಲಿ ಜೋಗದ ವಿದ್ಯುತ್ ಬಂದ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ನಷ್ಟ ಎಂದು 1923ರಲ್ಲೇ ಬಾಗಿಲು ಹಾಕಿದ್ದರೆ ಭದ್ರಾವತಿ ಎಂಬ ನಗರವೇ ಇರುತ್ತಿರಲಿಲ್ಲ.

ಅದಿರಿಲ್ಲದ ಕುಲುಮೆ

ಹಾಗಾದರೆ ಮುಂದೆ ಏನಾಯಿತು? ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಕಾರ್ಮಿಕರು ಹೆಚ್ಚಾದರು ಎನ್ನುವವರೂ, ಕೇಂದ್ರ ಕೈಬಿಟ್ಟಿತು ಎನ್ನುವವರೂ ಒಂದೊಂದು ತುಂಡನ್ನು ಹಿಡಿದಿದ್ದಾರೆ.

ಕಾರ್ಖಾನೆ ಹುಟ್ಟಿದ್ದೇ ಕೆಮ್ಮಣ್ಣುಗುಂಡಿಯ ಅದಿರಿನ ಲೆಕ್ಕದ ಮೇಲೆ. ಕಾಲಾಂತರದಲ್ಲಿ ಆ ಗಣಿಗಾರಿಕೆ ನಿಂತಿತು. ಇಂದು ಭದ್ರಾವತಿಗೆ ತನ್ನದೆಂದು ಹೇಳಿಕೊಳ್ಳುವ, ಅದಿರು ಬರುತ್ತಿರುವ ಗಣಿ ಇಲ್ಲ. ಭದ್ರಾವತಿಯ ಈಗಿನ ಒಡೆಯ, ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೇಲ್‌ನ ಭಿಲಾಯಿ, ರೂರ್ಕೆಲಾದಂಥ ಘಟಕಗಳು ಸ್ವಂತ ಗಣಿಯ ಅದಿರು ಬಳಸುವಾಗ ಇಲ್ಲಿ ಮಾರುಕಟ್ಟೆ ಬೆಲೆಗೆ ಕೊಳ್ಳಬೇಕು. ಕೋಕ್ ದೂರದಿಂದ ಬರಬೇಕು. ಜೋಗದ ಅಗ್ಗದ ಕರೆಂಟಿನ ಕಾಲ ಮುಗಿದ ಮೇಲೆ ವಿದ್ಯುತ್ ಕುಲುಮೆಗಳು ಹೊರೆಯಾದವು.

ಎರಡನೆಯದು ಗಾತ್ರ. ಇದೇ ರಾಜ್ಯದ ತೋರಣಗಲ್ಲಿನ ಖಾಸಗಿ ಕಾರ್ಖಾನೆ ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮೀರಿದ ಸಾಮರ್ಥ್ಯದ್ದು. ಭದ್ರಾವತಿಯದು ಅದರ ಪಕ್ಕದಲ್ಲಿ ತೀರ ಚಿಕ್ಕದು. ಸಾಮಾನ್ಯ ಕಂಬಿ, ತಗಡಿನಲ್ಲಿ ಅದರೊಂದಿಗೆ ಸ್ಪರ್ಧಿಸುವುದು ಸಾಧ್ಯವಿಲ್ಲ. ಭದ್ರಾವತಿಯ ಬಲ ಇದ್ದದ್ದು ಮಿಶ್ರಲೋಹದ ವಿಶೇಷ ಉಕ್ಕಿನಲ್ಲಿ, ರೈಲ್ವೆ, ರಕ್ಷಣೆ, ವಾಹನ ಉದ್ಯಮಕ್ಕೆ ಬೇಕಾದ ಗಟ್ಟಿ ಮಾಲಿನಲ್ಲಿ. ಅಂಥ ಮಾಲಿಗೆ ಬೆಲೆ ಹೆಚ್ಚು. ಆದರೆ ಗಿರಾಕಿ ಬಯಸುವ ಗುಣಮಟ್ಟ ಏರಿದಂತೆ ಯಂತ್ರವೂ ಹೊಸದಾಗಬೇಕು, ಅದಕ್ಕೆ ಬಂಡವಾಳ ಬೇಕು. ‘ನಷ್ಟದಲ್ಲಿದೆ’ ಎಂಬ ಕಾರಣಕ್ಕೆ ಬಂಡವಾಳ ಬರಲಿಲ್ಲ. ಬಂಡವಾಳ ಬರದ ಕಾರಣಕ್ಕೆ ನಷ್ಟ ನಿಲ್ಲಲಿಲ್ಲ.

ಒಡೆತನ ಬದಲಾಗುತ್ತ ಹೋಯಿತು. 1962ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. 1989ರಲ್ಲಿ ಸೇಲ್ ವಶಕ್ಕೆ ತೆಗೆದುಕೊಂಡಿತು, 1998ರಲ್ಲಿ ತನ್ನೊಳಗೆ ವಿಲೀನ ಮಾಡಿಕೊಂಡಿತು. 2016ರಲ್ಲಿ ಸೇಲಂ, ದುರ್ಗಾಪುರದ ಘಟಕಗಳ ಜೊತೆ ಭದ್ರಾವತಿಯನ್ನೂ ಮಾರುವುದಕ್ಕೆ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಕೊಳ್ಳುವವರನ್ನು ಆಹ್ವಾನಿಸಿತು. ಸಾಕಷ್ಟು ಆಸಕ್ತಿ ಕಾಣದೆ 2022ರಲ್ಲಿ ಆ ಪ್ರಕ್ರಿಯೆ ಕೈಬಿಟ್ಟಿತು. 2023ರ ಜನವರಿಯಲ್ಲಿ ಸೇಲ್ ಆಡಳಿತ ಮಂಡಳಿ ಮುಚ್ಚುವ ತೀರ್ಮಾನ ಮಾಡಿದಾಗ ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಊರು ಅವರ ಜೊತೆ ನಿಂತಿತು. ಅದೇ ವರ್ಷದ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗತೊಡಗಿತು. ಇದು ಪೂರ್ಣ ಪುನಶ್ಚೇತನವಲ್ಲ, ಬೇರೆಡೆಯಿಂದ ಉಕ್ಕಿನ ದಿಮ್ಮಿ ತಂದು ಇಲ್ಲಿ ಉರುಳಿಸುವ ಕೆಲಸ. ಆದರೂ ಮೇಲಿನ ಲೆಕ್ಕ ನೆನಪಿಸಿಕೊಂಡರೆ, ಸುಮ್ಮನೆ ಬಿದ್ದ ಮಿಲ್ಲಿಗಿಂತ ತಿರುಗುವ ಮಿಲ್ಲು ವಾಸಿ.

ಸ್ವಂತ ಗಣಿ ಇಲ್ಲದ ಇನ್ನೊಂದು ಸಾರ್ವಜನಿಕ ಕಾರ್ಖಾನೆ ವಿಶಾಖಪಟ್ಟಣದ್ದು. ಅದೂ ನಷ್ಟದಲ್ಲಿತ್ತು, ಅದನ್ನೂ ಮಾರುವ ತೀರ್ಮಾನವಾಗಿತ್ತು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ 11,440 ಕೋಟಿ ರೂಪಾಯಿಯ ನೆರವು ಮಂಜೂರು ಮಾಡಿತು. ಎರಡರ ಗಾತ್ರ ಬೇರೆ, ಹೋಲಿಕೆಗೆ ಮಿತಿಯಿದೆ. ಆದರೆ ನಷ್ಟದಲ್ಲಿರುವುದನ್ನು ಉಳಿಸುವುದೋ ಮುಚ್ಚುವುದೋ ಎಂಬುದು ಲೆಕ್ಕಪತ್ರ ತಾನಾಗಿ ಕೊಡುವ ತೀರ್ಪಲ್ಲ, ಆಳುವವರು ಮಾಡುವ ಆಯ್ಕೆ ಎಂಬುದು ಇದರಿಂದ ಸ್ಪಷ್ಟ.

ಕಾಗದದ ಕಥೆ ಬೇರೆ

ಭದ್ರಾವತಿಯ ಇನ್ನೊಂದು ತುದಿಯ ಪೇಪರ್ ಟೌನಿನಲ್ಲಿ ನಡೆದದ್ದು ಬೇರೆ ಬಗೆಯ ನಷ್ಟ. ಮೈಸೂರು ಕಾಗದ ಕಾರ್ಖಾನೆ, ಎಲ್ಲರ ಬಾಯಲ್ಲಿ ಎಂಪಿಎಂ, ಸ್ಥಾಪನೆಯಾದದ್ದು 1936ರಲ್ಲಿ. 1977ರಲ್ಲಿ ಸರ್ಕಾರಿ ಕಂಪನಿಯಾಗಿ, ಮುಂದೆ ಪತ್ರಿಕೆಗಳ ಮುದ್ರಣ ಕಾಗದಕ್ಕೆ ಹೆಸರಾಯಿತು. ಆಮದು ಕಾಗದ ಸುಲಭವಾಗಿ ಸಿಗತೊಡಗಿದ ಮೇಲೆ ಅದು ಮಾಡುತ್ತಿದ್ದ ಸರಕಿನ ಬೆಲೆಯನ್ನೇ ಜಗತ್ತಿನ ಮಾರುಕಟ್ಟೆ ನಿರ್ಧರಿಸಿತು. 2015ರ ಹೊತ್ತಿಗೆ ಉತ್ಪಾದನೆ ನಿಂತಿತು.

‘ರೋಗಗ್ರಸ್ತ’ ಎಂಬ ಮೊಹರು

ನಷ್ಟವನ್ನು ಕಾನೂನು ಹೇಗೆ ಅಳೆಯುತ್ತದೆ ಎಂಬುದೂ ಮುಖ್ಯ. ಎಂಬತ್ತು, ತೊಂಬತ್ತರ ದಶಕದ ಪತ್ರಿಕೆ ಓದಿದವರಿಗೆ ‘ರೋಗಗ್ರಸ್ತ ಉದ್ಯಮ’ ಎಂಬ ಮಾತು ನೆನಪಿರಬಹುದು. ಅದು ಬೈಗುಳವಲ್ಲ, ಕಾನೂನಿನ ಪರಿಭಾಷೆ. 1985ರ ಕಾಯ್ದೆಯ ಪ್ರಕಾರ ಕಂಪನಿಯ ಸಂಚಿತ ನಷ್ಟ ಅದರ ನಿವ್ವಳ ಮೌಲ್ಯವನ್ನು, ಅಂದರೆ ಮಾಲೀಕರು ಹಾಕಿದ ಹಣ ಮತ್ತು ಉಳಿಸಿಟ್ಟ ಲಾಭದ ಮೊತ್ತವನ್ನು, ತಿಂದುಹಾಕಿದರೆ ಅದು ರೋಗಗ್ರಸ್ತ. ಅಂಥ ಕಂಪನಿ ಬಿಐಎಫ್‌ಆರ್ ಎಂಬ ಮಂಡಳಿಯ ಮುಂದೆ ಹೋಗಬೇಕಿತ್ತು. ಅಲ್ಲಿ ಅನೇಕ ಪ್ರಕರಣಗಳು ವರ್ಷಗಟ್ಟಲೆ ನರಳಿದವು.

2016ರಲ್ಲಿ ಆ ಮಂಡಳಿ ಹೋಯಿತು, ದಿವಾಳಿ ಸಂಹಿತೆ ಬಂತು. ಅಳತೆಗೋಲೇ ಬದಲಾಯಿತು. ಈಗ ಕಾನೂನು ನೋಡುವುದು ಎಷ್ಟು ನಷ್ಟ ಎಂದಲ್ಲ, ಕೊಡಬೇಕಾದ ಹಣ ಕೊಟ್ಟಿದ್ದೀರಾ ಎಂದು. ಕನಿಷ್ಠ ಒಂದು ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡರೆ ಸಾಲ ಕೊಟ್ಟವರು ನ್ಯಾಯಮಂಡಳಿಗೆ ಹೋಗಬಹುದು. ಲಾಭ ತೋರಿಸುತ್ತಿರುವ ಕಂಪನಿಯೂ ಕೈಯಲ್ಲಿ ನಗದಿಲ್ಲದೆ ಮುಳುಗಬಹುದು, ನಷ್ಟದ ಕಂಪನಿ ವರ್ಷಗಟ್ಟಲೆ ಬದುಕಬಹುದು. ಮಾಲು ಉದ್ರಿ ಕೊಟ್ಟು ವಸೂಲಿಯಾಗದೆ ಕೂತ ಯಾವ ವ್ಯಾಪಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಸ್ತಕಕ್ಕೆ ಬಾರದ ನಷ್ಟ

ಕಾರ್ಖಾನೆಯ ಲೆಕ್ಕ ಅದರ ಕಾಂಪೌಂಡಿನೊಳಗೆ ಮುಗಿಯುತ್ತದೆ. ಸಂಬಳ ನಿಂತಾಗ ಕಿರಾಣಿ ಅಂಗಡಿ, ಹೋಟೆಲು, ಆಟೋ, ಟೈಲರ್, ಟ್ಯೂಷನ್ ಮೇಷ್ಟ್ರು ಕಳೆದುಕೊಂಡದ್ದು ಯಾರ ಪುಸ್ತಕದಲ್ಲೂ ಇಲ್ಲ. ದೇಶದ ಬಹುತೇಕ ನಗರಗಳು ಉಬ್ಬುತ್ತಿದ್ದ ದಶಕದಲ್ಲಿ ಭದ್ರಾವತಿ ಕುಗ್ಗಿತು: 2001ರ ಜನಗಣತಿಯಲ್ಲಿ ಸುಮಾರು 1.60 ಲಕ್ಷವಿದ್ದ ನಗರದ ಜನಸಂಖ್ಯೆ 2011ರಲ್ಲಿ ಸುಮಾರು 1.51 ಲಕ್ಷಕ್ಕೆ ಇಳಿಯಿತು. ಆ ಊರಿನ ಬಗ್ಗೆ ಬಂದ ಅಂಕಿಗಳಲ್ಲಿ ನನ್ನನ್ನು ಬಹುವಾಗಿ ಕಲಕಿದ್ದು ಇದು.

ನ್ಯಾಯವಾಗಿ ನೋಡಿದರೆ ಲಾಭದ ದಿನಗಳಲ್ಲೂ ಪುಸ್ತಕಕ್ಕೆ ಬಾರದ ನಷ್ಟವಿತ್ತು. ಇದ್ದಿಲಿಗಾಗಿ ಹೋದ ಮಲೆನಾಡಿನ ಕಾಡು, ಕಾಗದಕ್ಕಾಗಿ ಸಾವಿರಾರು ಹೆಕ್ಟೇರಿನಲ್ಲಿ ಬೆಳೆಸಿದ ಅಕೇಶಿಯ, ನೀಲಗಿರಿ, ಭದ್ರಾ ನದಿಗೆ ಸೇರಿದ ಕೊಳಕು ನೀರು. ಅಕೇಶಿಯ ಬೇಡ ಎಂದು ಮಲೆನಾಡಿನ ಜನ ಬೀದಿಗಿಳಿದದ್ದು ಈ ಬಾಕಿಯ ಲೆಕ್ಕ ಕೇಳುವುದಕ್ಕೇ. ಕಾರ್ಖಾನೆ ಉಳಿಯಲಿ ಎನ್ನುವವರು ಈ ಬಾಕಿಯನ್ನೂ ಒಪ್ಪಿಕೊಂಡು ಮಾತಾಡಬೇಕು.

ಅಂಗಡಿ, ತೋಟದ ಲೆಕ್ಕ

ಮತ್ತೆ ಶಿವಮೊಗ್ಗಕ್ಕೆ. ಬೆಲೆ ಬಿದ್ದಾಗ ಅಡಿಕೆ ಇಟ್ಟುಕೊಂಡವರದು ಮಾರುವವರೆಗೂ ಕಾಗದದ ಮೇಲಿನ ನಷ್ಟ. ಆದರೆ ಇಟ್ಟ ಮಾಲಿನ ಮೇಲೆ ಸಾಲವಿದ್ದರೆ ಬಡ್ಡಿ ಮಾತ್ರ ಕಾಗದದ ಮೇಲಿನದಲ್ಲ. ತೋಟದ ಫಸಲನ್ನು ಗುತ್ತಿಗೆಗೆ, ಅಂದರೆ ಚೇಣಿಗೆ, ಕೊಡುವವರು ಕಡಿಮೆ ಬೆಲೆ ಒಪ್ಪಿ, ಕೊಯ್ಲು, ಸುಲಿತ, ಬೇಯಿಸುವುದು, ಬೆಲೆ ಕುಸಿತ ಎಲ್ಲದರ ಅಪಾಯವನ್ನು ಚೇಣಿದಾರರ ಹೆಗಲಿಗೆ ದಾಟಿಸುತ್ತಾರೆ. ಅದು ನಷ್ಟವಲ್ಲ, ನಿಶ್ಚಿಂತೆಗೆ ಕೊಟ್ಟ ಬೆಲೆ. ಇನ್ನು ಮನೆಮಂದಿಯ ದುಡಿಮೆಗೆ ಕೂಲಿ ಹಾಕದೆ ‘ಈ ವರ್ಷ ಲಾಭ’ ಎನ್ನುವ ತೋಟಗಳು ಎಷ್ಟೋ ಇವೆ. ಆ ಕೂಲಿಯನ್ನು ಬರೆದು ನೋಡಿದರೆ ಲಾಭದ ಸಾಲು ಅಳಿಸಿಹೋಗಬಹುದು.

ವ್ಯಾಪಾರಿಗಳಿಗೆ ಉಪಯೋಗದ ಒಂದು ಮಾತು. ಆದಾಯ ತೆರಿಗೆ ಕಾನೂನು ವ್ಯಾಪಾರದ ನಷ್ಟವನ್ನು ಎಂಟು ವರ್ಷದವರೆಗೆ ಮುಂದಕ್ಕೊಯ್ದು, ಮುಂದಿನ ವರ್ಷಗಳ ವ್ಯಾಪಾರದ ಲಾಭದಿಂದ ಕಳೆಯಲು ಬಿಡುತ್ತದೆ. ಷರತ್ತು ಇಷ್ಟೇ: ನಷ್ಟವಾದ ವರ್ಷದ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿರಬೇಕು. ‘ಲಾಭವೇ ಇಲ್ಲ, ರಿಟರ್ನ್ ಯಾಕೆ’ ಎಂದು ಸುಮ್ಮನಾದವರು ತಮ್ಮ ಹಕ್ಕನ್ನು ಕಳೆದುಕೊಳ್ಳುತ್ತಾರೆ. ದೊಡ್ಡ ಕಂಪನಿಗಳು ನಷ್ಟದ ಕಂಪನಿಯನ್ನು ವಿಲೀನ ಮಾಡಿಕೊಳ್ಳುವಾಗಲೂ ಆ ನಷ್ಟಕ್ಕೆ ತೆರಿಗೆಯ ಲೆಕ್ಕದಲ್ಲಿ ಬೆಲೆಯಿರುತ್ತದೆ, ಅದಕ್ಕೂ ಷರತ್ತುಗಳಿವೆ.

ಕೊನೆಗೆ ಮತ್ತೆ ಭದ್ರಾವತಿಗೆ. ಅಲ್ಲಿನ ಕಾರ್ಖಾನೆಯ ಲೆಕ್ಕ ಗುಟ್ಟಿನದಲ್ಲ. ಸೇಲ್ ತನ್ನ ವಾರ್ಷಿಕ ವರದಿಯಲ್ಲಿ ಭಿಲಾಯಿ, ದುರ್ಗಾಪುರ, ಸೇಲಂ, ಭದ್ರಾವತಿ ಎಂದು ಘಟಕವಾರು ಮಾರಾಟ, ಲಾಭ ನಷ್ಟ ಕೊಡುತ್ತದೆ. ಕಂಪನಿಯ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳ ಬಿ.ಕಾಂ. ಅಧ್ಯಾಪಕರಲ್ಲಿ ಒಂದು ವಿನಂತಿ: ಪಠ್ಯಪುಸ್ತಕದ ಕಾಲ್ಪನಿಕ ಕಂಪನಿಯ ಬದಲು ಒಂದು ವಾರ ಈ ವರದಿಯನ್ನು ತರಗತಿಗೆ ತನ್ನಿ. ಹತ್ತು ವರ್ಷದ ಅಂಕಿಗಳನ್ನು ಮಕ್ಕಳ ಕೈಯಲ್ಲೇ ಕೂಡಿಸಿ ಕಳೆಸಿ, ನಷ್ಟ ಯಾವ ಸಾಲಿನಲ್ಲಿ ಹುಟ್ಟಿತು ಎಂದು ಹುಡುಕಿಸಿ. ಅವರಲ್ಲಿ ಅನೇಕರ ಅಪ್ಪ, ಅಜ್ಜ ಅದೇ ಕಾರ್ಖಾನೆಯಲ್ಲಿ ದುಡಿದವರು.